ನಡುಗಿ ನಿಲ್ಲುವ ಗಾಡಿ

ಪರದೆಯಕ್ಕ ಕಾರು ಕಲಿತದ್ದು ತಲೆಗೂದಲು ಅರ್ಧ ನರೆತ ಮೇಲೆ. ಅದಕ್ಕೂ ಮೊದಲು, ಹೊಲಿದ ಪರದೆಗಳನ್ನು ಗಿರಾಕಿಗಳ ಮನೆಗೆ ಮುಟ್ಟಿಸಲು ಬಾಡಿಗೆ ಗಾಡಿಯವರ ಕೈಕಾಲು ಹಿಡಿಯಬೇಕಿತ್ತು. ಪರದೆ ತೂಗುವ ಸರಳುಗಳು ಗಾಡಿಯ ಕಿಟಕಿಯಿಂದ ಆಚೆ ಚಾಚುತ್ತವೆ ಎಂದು ಒಬ್ಬ ಗೊಣಗುತ್ತಿದ್ದ. ಇನ್ನೊಬ್ಬ ಬಟ್ಟೆಯ ಗಂಟಿನ ಮೇಲೆ ತನ್ನ ಊಟದ ಡಬ್ಬಿ ಇಟ್ಟು ಎಣ್ಣೆಯ ಕಲೆ ಮಾಡಿದ್ದ. ಹಾಗಾಗಿ ಗಂಡ ಯಾರದೋ ಕೈಯಲ್ಲಿ ಪಳಗಿದ ಹಳೇ ಕಾರೊಂದನ್ನು ಮನೆಗೆ ತಂದ ದಿನ, ಬಣ್ಣ ನೋಡದೆ, ಸೀಟಿನ ಹೊದಿಕೆ ನೋಡದೆ, ಆಕೆ ಮೊದಲು ಹಿಂದಿನ ಸೀಟು ಮಡಚಿ ಸರಳುಗಳನ್ನು ಇಟ್ಟು ನೋಡಿದಳು. ಓರೆಯಾಗಿ ಇಟ್ಟರೆ ಹಿಡಿಸುತ್ತಿದ್ದವು.

ಗಂಡನದು ಔಷಧಿ ಅಂಗಡಿ. ಅಂಗಡಿ ನಡೆದು ಹೋಗುವಷ್ಟು ಹತ್ತಿರ. ಕಾರು ಹೆಸರಿಗೆ ಮನೆಯವರೆಲ್ಲರದು, ಓಡಿಸುವುದು ಹೆಚ್ಚಾಗಿ ಪರದೆಯಕ್ಕನೇ. ಬೇಸಿಗೆ ಏರುತ್ತಿದ್ದಂತೆ ಅದು ರಗಳೆ ಶುರು ಮಾಡಿತು. ಸಿಗ್ನಲ್ಲಿನಲ್ಲಿ ನಿಲ್ಲಿಸಿದರೆ ಮೊದಲು ಸ್ಟಿಯರಿಂಗ್ ಅದುರುವುದು, ಆಮೇಲೆ ಇಡೀ ಗಾಡಿ ಜ್ವರ ಬಂದವರ ಹಾಗೆ ನಡುಗುವುದು, ಕೊನೆಗೆ ಎಂಜಿನ್ ಸದ್ದಡಗುವುದು. ಒಂದು ದಿನ ಊರಿನ ದೊಡ್ಡ ವೃತ್ತದಲ್ಲೇ ಹಾಗಾಯಿತು. ಹಿಂದಿದ್ದ ಲಾರಿ ಕೂದಲೆಳೆಯಷ್ಟು ದೂರದಲ್ಲಿ ಬ್ರೇಕ್ ಹಾಕಿತು. ಚಾಲಕ ತಲೆ ಹೊರಗೆ ಹಾಕಿ, "ಏನಮ್ಮಾ, ಇಲ್ಲೇ ಮನೆ ಮಾಡ್ತೀರಾ? ಪರದೆ ಬೇರೆ ತಂದಿದೀರಲ್ಲ!" ಎಂದು ಕೂಗಿದ. ಅಕ್ಕಪಕ್ಕದವರೆಲ್ಲ ನಕ್ಕರು.

ಅಂದು ಸಂಜೆ ಗಂಡ ಕಾರನ್ನು ಊರೆಲ್ಲ ಸುತ್ತಿಸಿ ತಂದ. ಒಂದು ಸಲವೂ ಕೆಮ್ಮಲಿಲ್ಲ.

"ಬೆಣ್ಣೆ ಹಾಗೆ ಓಡುತ್ತೆ ಕಣೇ. ನೀನು ಕ್ಲಚ್ ಸರಿಯಾಗಿ ಒತ್ತಲ್ಲ."

"ಒತ್ತೇ ಇರ್ತೀನಿ ರೀ."

"ಕುಣಿಯಲಾರದವಳಿಗೆ ನೆಲ ಡೊಂಕು."

ಜಗಲಿಯಲ್ಲಿ ಕೂತಿದ್ದ ಅತ್ತೆ, "ನನ್ನ ಮಗ ಹಿಡಿದ್ರೆ ಹಸು, ನೀನು ಹಿಡಿದ್ರೆ ಹೋರಿ. ಗಾಡಿಗೂ ಗೊತ್ತಾಗುತ್ತೆ ನೋಡು, ಮನೆಯಲ್ಲಿ ಯಾರು ಯಾರು ಅಂತ" ಎಂದರು. ಅವರ ಮಾತಿನಲ್ಲಿ ವಿಷವಿರಲಿಲ್ಲ. ಆದರೆ ಮುಳ್ಳು ಮುಳ್ಳೇ.

ಗಂಡ ಗಾಡಿಯನ್ನು ಶ್ ಮೇಸ್ತ್ರಿಯ ಬಳಿ ಒಯ್ದ. ಆತನ ನಿಜವಾದ ಹೆಸರು ಆ ಬೀದಿಯಲ್ಲಿ ಯಾರಿಗೂ ನೆನಪಿಲ್ಲ. ಎಂಜಿನ್ ಚಾಲೂ ಆದ ಕೂಡಲೇ ಬಾಯಿಗೆ ಬೆರಳಿಟ್ಟು ಸುತ್ತಲಿನವರಿಗೆಲ್ಲ "ಶ್!" ಎನ್ನುವುದರಿಂದ ಬಂದ ಹೆಸರು ಅದು. ರೇಡಿಯೊ ಆರಿಸಿ, ಫ್ಯಾನ್ ಆರಿಸಿ, ನಾಲ್ಕೂ ಗಾಜು ಇಳಿಸಿ, ತಲೆ ಓರೆ ಮಾಡಿ ಓಡಿಸಿದರೆ ಕಾಯಿಲೆ ತಾನಾಗಿ ಬಾಯಿ ಬಿಡುತ್ತದೆ ಎಂಬುದು ಅವನ ನಂಬಿಕೆ. ಹೆಚ್ಚಿನ ಸಲ ಅದು ನಿಜವೂ ಆಗುತ್ತಿತ್ತು.

"ಅಣ್ಣ, ಒಂದೇ ಮಾತು ಹೇಳಿ. ನಿಂತಾಗ ನಡುಗುತ್ತೋ, ನಡುಗಿ ನಿಲ್ಲುತ್ತೋ?"

ಗಂಡನಿಗೆ ಇವೆರಡರ ವ್ಯತ್ಯಾಸ ಹೊಳೆಯಲಿಲ್ಲ. "ನಿಂತಾಗ ನಡುಗುತ್ತಂತೆ" ಎಂದ.

ನಿಂತಲ್ಲೇ ನಡುಗುವುದಾದರೆ ಎಂಜಿನ್ ಕೂರುವ ರಬ್ಬರುಗಳು ಸವೆದಿರಬೇಕು. ಮೇಸ್ತ್ರಿ ಅವನ್ನು ಬದಲಿಸಿದ. ಸವೆದೂ ಇದ್ದವು. ಗಾಡಿ ಮೊದಲಿಗಿಂತ ಮೆತ್ತಗಾಯಿತು. ಮರುದಿನವೇ ಪರದೆಯಕ್ಕನ ಕೈಯಲ್ಲಿ ಮತ್ತೆ ನಿಂತಿತು. ಮೇಸ್ತ್ರಿ ಪ್ಲಗ್ಗುಗಳನ್ನು ಬದಲಿಸಿದ. ಆಗಲೂ ಅದೇ ಕಥೆ: ಗಂಡಸರಿಬ್ಬರ ಕೈಯಲ್ಲಿ ಸಾಧು, ಆಕೆಯ ಕೈಯಲ್ಲಿ ಮೊಂಡು.

ಮೂರನೆಯ ಸಲ ನಿಂತಾಗ ಗಂಡ ಬೈಯಲಿಲ್ಲ. ಆಕೆಗೆ ಹೆದರಿಕೆಯಾದದ್ದು ಅದರಿಂದಲೇ.

"ನೋಡೇ, ಲಾರಿ ನೆನಪಾದ್ರೆ ನನಗೆ ಅಂಗಡಿಯಲ್ಲಿ ಕೈ ಓಡಲ್ಲ. ಬೀಗದ ಕೈ ನನ್ನ ಹತ್ರ ಇರ್ಲಿ. ಭಾನುವಾರ ನಾನೇ ಕರ್ಕೊಂಡು ಹೋಗ್ತೀನಿ, ಎಲ್ಲ ಪರದೆ ಒಂದೇ ದಿನ ಹಾಕಿ ಬರೋಣ."

"ಗಿರಾಕಿಗಳು ಭಾನುವಾರದ ತನಕ ಬೆತ್ತಲೆ ಕಿಟಕಿ ಇಟ್ಕೊಂಡು ಕೂತಿರ್ತಾರಾ?" ಎಂದಳು. ಧ್ವನಿಯಲ್ಲಿ ಹಿಂದಿನ ಜೋರಿರಲಿಲ್ಲ. ನಿಜ ಹೇಳಬೇಕೆಂದರೆ ಆಕೆಗೇ ಅನುಮಾನ ಹತ್ತಿತ್ತು. ಮಧ್ಯಾಹ್ನ ಹೊಲಿಗೆ ಯಂತ್ರದ ಮುಂದೆ ಕೂತು, ದಾರ ಪೋಣಿಸದೆ, ಸುಮ್ಮನೆ ಪೆಡಲನ್ನು ಎಡಗಾಲಿನಿಂದ ಒತ್ತಿ, ಮೆಲ್ಲಗೆ ಬಿಟ್ಟು, ಮತ್ತೆ ಒತ್ತಿ ಅಭ್ಯಾಸ ಮಾಡುತ್ತಿದ್ದಳು. ಮದುವೆಗೂ ಮುಂಚಿನಿಂದ ಯಂತ್ರ ತುಳಿದ ಕಾಲು. ಈಗ ಅದನ್ನೇ ನಂಬಬೇಕೋ ಬೇಡವೋ ತಿಳಿಯುತ್ತಿರಲಿಲ್ಲ.

ಆ ವಾರ ಹೊಸ ಕಣ್ಣಾಸ್ಪತ್ರೆಯೊಂದಕ್ಕೆ ಬಿಳಿ ಪರದೆಗಳನ್ನು ಮುಟ್ಟಿಸಬೇಕಿತ್ತು. ಗಂಡನೇ ಅಂಗಡಿ ಮುಚ್ಚಿ ಬಂದ. ದಾರಿಯಲ್ಲಿ ಕಡೆಯದಾಗಿ ಒಮ್ಮೆ ಮೇಸ್ತ್ರಿಗೆ ತೋರಿಸಿಯೇ ಬಿಡೋಣ, ಆಮೇಲೆ ಮಾರುವ ಮಾತು ಎಂದ. ಹೀಗೆ ಪರದೆಯಕ್ಕ ಮೊದಲ ಬಾರಿ ಆ ಗ್ಯಾರೇಜಿನ ಒಳಗೆ ಕಾಲಿಟ್ಟಳು.

"ಬನ್ನಿ ಅತ್ತಿಗೆ, ಪಕ್ಕದಲ್ಲಿ ಕೂತ್ಕೊಳ್ಳಿ. ಒಂದು ಸುತ್ತು ಹೋಗಿ ಬರೋಣ" ಎಂದು ಮೇಸ್ತ್ರಿ ಸ್ಟಿಯರಿಂಗ್ ಹಿಡಿದ. ಅಭ್ಯಾಸಬಲದಿಂದ ಕೈ ಗಾಜಿನ ಗುಂಡಿಗೆ ಹೋಯಿತು.

"ಅಯ್ಯೋ, ಗಾಜು ಇಳಿಸಬೇಡಿ! ಹಿಂದೆ ಬಿಳಿ ಬಟ್ಟೆ ಇದೆ, ಧೂಳು ಹಿಡಿಯುತ್ತೆ."

ಮೇಸ್ತ್ರಿ ಕೈ ಹಿಂದಕ್ಕೆಳೆದುಕೊಂಡ. ಆಚೆ ಕೆಂಡದಂಥ ಬಿಸಿಲು. ಬೀದಿಯ ತುದಿ ಮುಟ್ಟುವಷ್ಟರಲ್ಲಿ ಅವನ ಕುತ್ತಿಗೆಯಿಂದ ಬೆವರು ಇಳಿಯತೊಡಗಿತು. ಆಕೆ ಕೈಚಾಚಿ ಎಸಿ ಹಾಕಿದಳು.

"ಶ್! ಎಸಿ ಬೇಡ ಅತ್ತಿಗೆ, ಶಬ್ದ ಕೇಳಿಸಲ್ಲ."

"ಗಾಜು ಏರಿಸಿ ಎಸಿ ಬೇಡ ಅಂದ್ರೆ ಇಡ್ಲಿ ಥರ ಬೇಯಬೇಕಷ್ಟೆ. ನಾನು ಯಾವಾಗ್ಲೂ ಹೀಗೇ ಓಡಿಸೋದು."

ಮೇಸ್ತ್ರಿ ಆಕೆಯ ಕಡೆ ತಿರುಗಿದ. "ಯಾವಾಗ್ಲೂನಾ?"

"ಬಟ್ಟೆ ಇದ್ದಾಗೆಲ್ಲ. ಬಟ್ಟೆ ಇಲ್ಲದೆ ನಾನು ಎಲ್ಲಿಗೆ ಹೋಗ್ತೀನಿ?"

"ಅಣ್ಣ?"

"ಅವರಾ? ಪೆಟ್ರೋಲ್ ಕುಡಿಯುತ್ತೆ ಅಂತ ಅದರ ಗುಂಡಿ ಮುಟ್ಟೋದೇ ಇಲ್ಲ."

ಮೇಸ್ತ್ರಿ ಎಸಿ ಆರಿಸದೆಯೇ ಇನ್ನೆರಡು ಬೀದಿ ಸುತ್ತಿ ಬಂದು ಗ್ಯಾರೇಜಿನ ಬಾಗಿಲಲ್ಲಿ ಕಾರು ನಿಲ್ಲಿಸಿದ. ಸ್ಟಿಯರಿಂಗ್ ಅದುರಿತು. ಆಮೇಲೆ ಸೀಟು. ಎಂಜಿನ್ ಒಮ್ಮೆ ಬಿಕ್ಕಳಿಸಿ, ಸದ್ದಿಲ್ಲದಾಯಿತು.

"ನಡುಗಿ ನಿಲ್ಲುತ್ತೆ" ಎಂದಳು ಪರದೆಯಕ್ಕ, ಯಾರೂ ಕೇಳದಿದ್ದರೂ.

"ಹೌದು ಅತ್ತಿಗೆ. ಅಂತೆಕಂತೆ ಕೇಳಿ ರಬ್ಬರ್ ಹಾಕಿದ್ನಲ್ಲ ನಾನು!" ಮೇಸ್ತ್ರಿ ಹಣೆ ಚಚ್ಚಿಕೊಂಡ. ಆಮೇಲೆ ಗಂಡನನ್ನು ಕರೆದು ಚಾಲಕನ ಸೀಟಿನಲ್ಲಿ ಕೂರಿಸಿದ. "ಗೇರ್ ಬಿಡಿಸಿದೀನಿ. ಎರಡೂ ಕಾಲು ಮೇಲೆತ್ತಿ, ಏನೂ ಮುಟ್ಟಬೇಡಿ." ಒದ್ದೆ ನೆಲದ ಮೇಲೆ ಚಪ್ಪಲಿ ಕಳೆದುಕೊಂಡವನ ಹಾಗೆ ಗಂಡ ಕಾಲೆತ್ತಿ ಕೂತ. ಮೇಸ್ತ್ರಿ ಗಾಡಿ ಚಾಲೂ ಮಾಡಿ ಎಸಿ ಹಾಕಿದ. ಯಾರ ಕಾಲೂ ತಾಗದ ಕಾರು ನಡುಗಿತು, ನಿಂತಿತು. ಗಂಡ ಕಾಲು ಇಳಿಸುವುದನ್ನೇ ಮರೆತ.

"ಎಸಿ ಅಂದ್ರೆ ಎಂಜಿನ್ ತಲೆ ಮೇಲೆ ಇನ್ನೊಂದು ಮೂಟೆ ಅಣ್ಣ. ಓಡುವಾಗ ಹೊರುತ್ತೆ. ಸಿಗ್ನಲ್ಲಲ್ಲಿ ಉಸಿರು ಸಾಲಲ್ಲ." ಎಂಜಿನ್ನಿಗೆ ಗಾಳಿ ಒಳಹೋಗುವ ದಾರಿಯನ್ನು ಬಿಚ್ಚಿ ತೋರಿಸಿದ. ಒಲೆಯ ಮೇಲಿನ ಗೋಡೆಯ ಹಾಗೆ ಮಸಿ ಕಟ್ಟಿತ್ತು. ಅದನ್ನು ತೊಳೆದು, ಒರೆಸಿ, ಮತ್ತೆ ಜೋಡಿಸುವವರೆಗೂ ಪರದೆಯಕ್ಕ ಅಲ್ಲೇ ನಿಂತು ನೋಡಿದಳು. ಕೊನೆಗೆ ಮೆಲ್ಲಗೆ ಕೇಳಿದಳು:

"ಹಾಗಾದ್ರೆ ನನ್ನ ಕಾಲು?"

"ಕಾಲಿಗೇನಾಗಿದೆ ಅತ್ತಿಗೆ? ಚೆನ್ನಾಗಿದೆಯಲ್ಲ" ಎಂದ ಮೇಸ್ತ್ರಿ, ಪ್ರಶ್ನೆ ಅರ್ಥವಾಗದೆ.

ಗಂಡನಿಗೆ ಅರ್ಥವಾಗಿತ್ತು. ಆತ ಕಾರಿನ ಮುಂದಿನಿಂದ ಸುತ್ತಿ ಬಂದು ಪಕ್ಕದ ಸೀಟಿನಲ್ಲಿ ಕೂತು ಬೀಗದ ಕೈ ಆಕೆಯತ್ತ ಚಾಚಿದ. "ಹೊತ್ತಾಯ್ತು, ಆಸ್ಪತ್ರೆಯವರು ಕಾಯ್ತಿರ್ತಾರೆ. ನಡಿ" ಎಂದಷ್ಟೇ ಅಂದ.

ಗಾಜು ಏರಿತ್ತು, ಎಸಿ ಓಡುತ್ತಿತ್ತು, ಎಂಜಿನ್ ಒಂದೇ ಶ್ರುತಿಯಲ್ಲಿತ್ತು. ಆಕೆ ಗೇರ್ ಹಾಕಿದಳು. ಸಡಗರದಲ್ಲಿ ಕ್ಲಚ್ಚನ್ನು ಒಮ್ಮೆಗೇ ಬಿಟ್ಟಳು. ಕಾರು ಒಂದು ಹಾರು ಹಾರಿ ತಟ್ಟನೆ ನಿಂತುಬಿಟ್ಟಿತು.

ಗಂಡ ಬಾಯಿ ತೆರೆದ. ಆಕೆ ಕೈಯೆತ್ತಿ ತಡೆದಳು.

"ಸುಮ್ನಿರಿ. ನಡುಗಲಿಲ್ಲ, ಹಾಗೇ ನಿಂತಿತು. ಇದು ನಂದು."

ಮತ್ತೆ ಚಾಲೂ ಮಾಡಿ, ಕನ್ನಡಿಯಲ್ಲಿ ಹಿಂದೆ ನೋಡಿ, ಗಾಡಿಯನ್ನು ರಸ್ತೆಗಿಳಿಸಿದಳು.