ಓನರಮ್ಮನಿಗೆ ಮೂಗಾದದ್ದು

ಕಾಫಿಪುಡಿ ಡಬ್ಬಿಯ ಮುಚ್ಚಳ ತೆಗೆದಾಗ ನಮ್ಮ ಓನರಮ್ಮನ ಮೂಗಿನ ಬಲಗಡೆಯ ಹೊಳ್ಳೆ ಮಾತ್ರ ಅರಳುತ್ತಿತ್ತು. ಎಡಗಡೆ ಕೆಂಪು ಹರಳಿನ ದಪ್ಪ ಮೂಗುತಿ. ವರ್ಷಾನುಗಟ್ಟಲೆ ಅದರ ಭಾರ ಹೊತ್ತು ಆ ಹೊಳ್ಳೆ ಕೆಳಗೆ ಜಗ್ಗಿ, ಅಲ್ಲಾಡುವುದನ್ನೇ ಮರೆತಿತ್ತು. ಇನ್ನೊಂದೇ ಹೊಳ್ಳೆಯಲ್ಲಿ ಅವರು ಇಡೀ ಬೀದಿಯ ಅಡುಗೆಮನೆಗಳನ್ನು ಕಾಯುತ್ತಿದ್ದರು. ಪಡಸಾಲೆಯಲ್ಲಿ ಕೂತಲ್ಲೇ, "ಎದುರುಮನ್ಯಾಗ ಒಗ್ಗರಣೆ ಸೀಯಿಸಿದ್ರು ನೋಡು" ಎನ್ನುವರು. ಸ್ವಲ್ಪ ಹೊತ್ತಿಗೆ ಎದುರುಮನೆಯಾಕೆ ಬಾಣಲೆ ಹಿಡಿದುಕೊಂಡು ಕೆಮ್ಮುತ್ತ ಹೊರಗೆ ಬರುತ್ತಿದ್ದಳು.

ಶಿರಾಳಕೊಪ್ಪದಲ್ಲಿ ಅವರ ಮನೆಯ ಹಿತ್ತಲ ಕೋಣೆಯಲ್ಲಿ ನಾನು ಬಾಡಿಗೆಗಿದ್ದೆ. ನಮ್ಮದು ಆನವಟ್ಟಿಯಿಂದ ಇನ್ನೂ ಒಳಗಿನ ಹಳ್ಳಿ, ಕುರಿ ಸಾಕುವ ಮನೆ. ಅಪ್ಪ ಹೆಬ್ಬೆಟ್ಟು, ಅವ್ವ ಹೆಬ್ಬೆಟ್ಟು, ಅಣ್ಣಂದಿರು ಹೈಸ್ಕೂಲಿನ ಮೆಟ್ಟಿಲು ಹತ್ತಿ ಇಳಿದವರು. ನಮ್ಮ ವಂಶದಲ್ಲಿ ಡಿಗ್ರಿ ಪಡೆದ ಮೊದಲನೆಯವಳು ನಾನು. ಇದನ್ನು ಹೇಳಿಕೊಳ್ಳಲು ನನಗೆ ಯಾವತ್ತೂ ಸಂಕೋಚವಾಗಿಲ್ಲ; ಸುಮ್ಮನೆ ಬಂದದ್ದಲ್ಲ ಅದು. ದಿನಾ ಬೆಳಿಗ್ಗೆ ಶಿಕಾರಿಪುರದ ಬಸ್ಸು ಹಿಡಿದು ಕಾಲೇಜಿಗೆ ಹೋಗುವ ಮುಂಚೆ ಓನರಮ್ಮ ಅಡುಗೆಮನೆಯ ಹಿಂದಿನ ಕಿಟಕಿಯಿಂದ ನನಗೊಂದು ಲೋಟ ಕಾಫಿ ಕೊಡುತ್ತಿದ್ದರು. ಲೋಟ ನನ್ನದೇ. ತೊಳೆದು ಆ ಕಿಟಕಿಯ ಕಟ್ಟೆಯ ಮೇಲೆ ಬೋರಲು ಹಾಕಿ ಹೋಗಬೇಕು. ಅವರದು ಲಿಂಗಪೂಜೆಯ ಮನೆ, ಅಡುಗೆಮನೆಯ ಹೊಸಿಲು ದಾಟುವ ಮಾತು ಅವರೂ ಆಡಲಿಲ್ಲ, ನಾನೂ ಕೇಳಲಿಲ್ಲ.

ಆ ಕಿಟಕಿಯಲ್ಲೇ ನಮ್ಮ ಜಗಳ ಶುರುವಾದದ್ದು. ಅವರು ಕಾಫಿಯನ್ನು ಮೂರು ರೀತಿ ಮಾಡುತ್ತಿದ್ದರು. ಮನೆಯವರಿಗೆ ಹಿತ್ತಾಳೆ ಫಿಲ್ಟರಿನಲ್ಲಿ ಇಳಿಸಿದ್ದು. ನೆಂಟರು ಜಾಸ್ತಿ ಬಂದರೆ ಹಳೇ ಪಂಚೆಯ ತುಂಡಿನಲ್ಲಿ ಪುಡಿ ಹಾಕಿ, ಮೇಲೆ ಬಿಸಿನೀರು ಸುರಿದು ಸೋಸಿದ್ದು. ಆ ಬಟ್ಟೆಗೆ ಸೋಪು ಮುಟ್ಟಿಸಿದರೆ ಸೊಸೆಗೆ ಬೈಗುಳ. ಮೂರನೆಯದು ನೀರು, ಬೆಲ್ಲ, ಪುಡಿ ಒಟ್ಟಿಗೆ ಕುದಿಸಿ, ಮೇಲೊಂದು ಚಮಚ ತಣ್ಣೀರು ಚಿಮುಕಿಸಿ ಗಸಿ ಕೂರಿಸಿ, ಬೇರೆ ಕಾಯಿಸಿದ ಹಾಲು ಬೆರೆಸಿದ್ದು. ಅದು ಸಾವಿನ ಮನೆಗೆ. ನಮ್ಮ ಕಡೆ ಸಾವಾದ ಮನೆಯಲ್ಲಿ ಹೆಣ ಹೋಗುವ ತನಕ ಒಲೆ ಹಚ್ಚುವುದಿಲ್ಲ, ನೆರೆಯವರು ಮಾಡಿ ತಂದು ಕೊಡುತ್ತಾರೆ. ಆ ಬೀದಿಯಲ್ಲಿ ಯಾರು ಸತ್ತರೂ ಕಾಫಿ ಓನರಮ್ಮನದೇ. ಹೇಳಿಕಳಿಸುವ ಪದ್ಧತಿಯೇ ಇರಲಿಲ್ಲ. ಅಳು ಕೇಳಿದ ಕೂಡಲೇ ಅವರು ಹಿತ್ತಲಲ್ಲಿ ಮೂರು ಕಲ್ಲು ಹೂಡಿ ದೊಡ್ಡ ಪಾತ್ರೆ ಇಡುತ್ತಿದ್ದರು.

"ಅತ್ತತ್ತು ಒಣಗಿದ ಗಂಟಲಿಗೆ ಫಿಲ್ಟರ್ ಕಾಫಿ ಚುಚ್ಚುತೈತೆ. ಕುದಿಸಿದ್ದಾದ್ರೆ ಒತ್ತಿ ಇಳೀತೈತೆ" ಎನ್ನುವುದು ಅವರ ಮಾತು.

ನಾನು ಬಿ.ಎಸ್ಸಿ. ಓದುತ್ತಿದ್ದವಳು. "ಪುಡಿ ಅದೇ, ನೀರು ಅದೇ, ಹಾಲು ಅದೇ. ಪಾತ್ರೆ ಬದಲಾದ್ರೆ ರುಚಿ ಹೆಂಗೆ ಬದಲಾಕೈತ್ರಿ?" ಎಂದೆ.

"ಹಂಗಾರೆ ಕೂರು" ಎಂದರು. ಹಿತ್ತಲ ಕಲ್ಲಿನ ಮೇಲೆ ಕೂರಿಸಿ, ಕಣ್ಣು ಮುಚ್ಚಿಸಿ, ಮೂರು ಲೋಟ ಒಂದಾದ ಮೇಲೊಂದು ಕೈಗಿಟ್ಟರು. ಕುದಿಸಿದ್ದನ್ನು ನಾನು ತಕ್ಷಣ ಹೇಳಿದೆ. ಅದು ದಪ್ಪ, ನಾಲಿಗೆಯ ಹಿಂದೆ ಕಹಿ ಉಳಿಸುತ್ತಿತ್ತು. ಉಳಿದೆರಡನ್ನು ಅದಲುಬದಲು ಹೇಳಿದೆ.

"ಕುರಿಹಾಲು ಕುಡಿದ ನಾಲಿಗಿ, ಇನ್ನೇನು ತಿಳೀತೈತೆ" ಎಂದರು ಸೊಸೆಗೆ ಕೇಳುವಂತೆ.

ನನಗೆ ಚುರುಕ್ ಎಂದಿತು. "ಕುರಿಹಾಲಲ್ಲಿ ಒಂದ್ಸಲ ಕಾಫಿ ಮಾಡಿ ಕುಡೀರಿ, ನಿಮ್ಮ ಹಿತ್ತಾಳೆ ಫಿಲ್ಟರ್ ಕಿಟಕಿಯಿಂದ ಆಚೆ ಒಗೀತೀರಿ" ಎಂದೆ.

ಅವರು ಸೆರಗು ಬಾಯಿಗಿಟ್ಟು ನಕ್ಕರು. ಆಮೇಲೆ ಸಿಟ್ಟು ತೋರಿಸಿದರು, ಆದರೆ ನಕ್ಕದ್ದು ಮೊದಲು. ಇಷ್ಟು ವರ್ಷದ ಮೇಲೆ ನನ್ನ ತೀರ್ಪು ಇಷ್ಟು: ಕುದಿಸಿದ್ದಕ್ಕೂ ಇಳಿಸಿದ್ದಕ್ಕೂ ವ್ಯತ್ಯಾಸ ಇದ್ದೇ ಇದೆ, ಯಾರಿಗಾದರೂ ತಿಳಿಯುತ್ತದೆ. ಬಟ್ಟೆಯದ್ದಕ್ಕೂ ಫಿಲ್ಟರಿನದ್ದಕ್ಕೂ ಇದೆ ಎಂದು ಅವರು ಹಟ ಮಾಡಿದ್ದನ್ನು ನಾನು ಇನ್ನೂ ಪೂರ್ತಿ ಒಪ್ಪಿಲ್ಲ.

ಆಮೇಲೆ ಎಲ್ಲರ ಮನೆಗೂ ಬಂದ ಆ ಜ್ವರ ಆ ಮನೆಗೂ ಬಂತು. ಮಗ, ಸೊಸೆ, ಮೊಮ್ಮಗಳು, ಓನರಮ್ಮ, ಹಿತ್ತಲಲ್ಲಿ ನಾನು, ಎಲ್ಲರೂ ಮಲಗಿದೆವು. ಎಲ್ಲರಿಗೂ ವಾಸನೆ ಹೋಯಿತು. ಕೆಲವು ವಾರಗಳಲ್ಲಿ ನಮಗೆಲ್ಲ ವಾಪಸ್ ಬಂತು. ಓನರಮ್ಮನೂ "ನಂಗೂ ಬಂತು" ಎಂದರು.

ಬಂದಿರಲಿಲ್ಲ. ನನಗೆ ಗೊತ್ತಾದದ್ದು ಒಂದು ಬೆಳಿಗ್ಗೆ. ಕಿಟಕಿಯಲ್ಲಿ ನಿಂತು ನನ್ನ ಲೋಟಕ್ಕೆ ಕಾಫಿ ಹೊಯ್ಯುತ್ತ, ಬಸ್ಸಿನ ಕಂಡಕ್ಟರನನ್ನು ಬೈಯುತ್ತ ಇದ್ದರು. ಅವರ ಬೆನ್ನ ಹಿಂದೆ ಬಾಣಲೆಯಲ್ಲಿ ಶೇಂಗಾ ಕಪ್ಪಾಗಿ ಹೊಗೆಯಾಡುತ್ತಿತ್ತು. ಆ ಕಮಟು ಕಿಟಕಿಯಾಚೆ ನಿಂತ ನನ್ನ ಕಣ್ಣಲ್ಲಿ ನೀರು ತರಿಸಿತು. ಅವರು ಇನ್ನೂ ಕಂಡಕ್ಟರನಲ್ಲೇ ಇದ್ದರು.

"ಅಮ್ಮಾ, ಹಿಂದೆ ನೋಡ್ರಿ" ಎಂದು ಕೂಗಿದೆ.

ತಿರುಗಿ ನೋಡಿದರು. ಒಲೆ ಆರಿಸಿದರು. ಶೇಂಗಾವನ್ನು ಸೊಸೆಗೆ ಕಾಣದಂತೆ ಬೂದಿಯ ಬುಟ್ಟಿಗೆ ಸುರಿದರು. ಕಿಟಕಿಗೆ ಮರಳಿ ಬಂದಾಗ ಮುಖ ಸಣ್ಣಗಾಗಿತ್ತು.

"ಯಾರ ಮುಂದೂ ಹೇಳಬ್ಯಾಡ" ಎಂದರು. "ಈ ಒಲೆ ಕೈಬಿಟ್ರೆ ಈ ಮನ್ಯಾಗ ನಾನು ಒಂದು ಮಂಚ ಅಷ್ಟೇ. ಮೂಲ್ಯಾಗ ಹಾಕಿರ್ತಾರೆ, ಹಬ್ಬಕ್ಕೊಮ್ಮೆ ಧೂಳು ಹೊಡೀತಾರೆ."

ಮರುದಿನ ಬೆಳಿಗ್ಗೆ ಕಿಟಕಿ ತೆರೆಯಲಿಲ್ಲ, ಪಕ್ಕದ ಬಾಗಿಲು ತೆರೆಯಿತು.

"ಒಳಗ ಬಾ."

"ಒಳಗಾ?"

"ಕಾಲು ತೊಳ್ಕಂಡು ಬಾ ಅಂದೆ. ಕಿವೀನೂ ಹೋದ್ವಾ ನಿಂಗೆ?"

ಹೀಗೆ ನಾನು ಆ ಹೊಸಿಲು ದಾಟಿದೆ. ಇದರಲ್ಲಿ ಯಾವ ಭ್ರಮೆಯೂ ನನಗಿರಲಿಲ್ಲ. ಒಳಗೆ ಬಿಟ್ಟದ್ದು ನನ್ನನ್ನಲ್ಲ, ನನ್ನ ಓದನ್ನಲ್ಲ, ನನ್ನ ಮೂಗನ್ನು. ಆದರೂ ಒಳಗೆ ನಿಂತವಳು ನಾನೇ ತಾನೆ. ಅವರು ಅದನ್ನು ಮರೆಮಾಚಲು ಪ್ರಯತ್ನಿಸಲಿಲ್ಲ, ನಾನೂ ಉಪಕಾರ ಮಾಡುವವಳಂತೆ ನಿಲ್ಲಲಿಲ್ಲ.

ಸೊಸೆ ನೀರು ಹಿಡಿಯಲು ಬೀದಿಗೆ ಹೋದ ಹೊತ್ತಿಗೆ ನಮ್ಮ ಕೆಲಸ. ಹಾಲು ನೋಡು, ಡಿಕಾಕ್ಷನ್ ನೋಡು, ನಿನ್ನೆಯ ಸಾರು ನೋಡು. ಮೊದಲ ದಿನ ಡಿಕಾಕ್ಷನ್ ಮೂಸಿ "ಚೆನ್ನಾಗಿದೇರಿ" ಎಂದೆ. ಬೈದರು.

"ಚೆನ್ನಾಗೈತೆ ಅನ್ನಾಕೆ ನೀನ್ಯಾಕೆ ಬೇಕು? ಅದನ್ನ ನನ್ನ ಮಗ ಅಂತಾನೆ, ಮಣ್ಣು ಕಲಸಿ ಕೊಟ್ರೂ ಅಂತಾನೆ. ಹೆಂಗೈತೆ ಹೇಳು."

ವಾಸನೆಗೆ ಮಾತು ಹುಡುಕುವುದು ಎಷ್ಟು ಕಷ್ಟವೆಂದು ನನಗೆ ಆಗ ತಿಳಿಯಿತು. ನನಗೆ ಗೊತ್ತಿದ್ದದ್ದು ನಮ್ಮ ಹಟ್ಟಿಯ ವಾಸನೆಗಳು. ಅವನ್ನೇ ಹೇಳತೊಡಗಿದೆ. ಪುಡಿ ಹಳತಾಗಿದ್ದರೆ "ಮಳೇಲಿ ನೆನೆದ ಕಂಬಳಿ ಇದ್ದಂಗೈತೆ" ಎನ್ನುತ್ತಿದ್ದೆ. ಚೆನ್ನಾಗಿ ಇಳಿದಿದ್ದರೆ "ಸುಟ್ಟ ತೆನೆ ಸಿಪ್ಪೆ ಬಿಚ್ಚಿದಂಗೆ." ಅವರು ಕಣ್ಣು ಮುಚ್ಚಿ ಕೇಳುತ್ತಿದ್ದರು. ಆಮೇಲೆ ತಲೆಯಾಡಿಸಿ, "ಹಂಗಾರೆ ಪುಡಿ ಅಂಗಡಿಯವ್ನು ಮೋಸ ಮಾಡ್ಯಾನೆ" ಎಂದೋ, "ಹಂಗಾರೆ ಸರಿ ಐತೆ" ಎಂದೋ ತೀರ್ಮಾನ ಹೇಳುತ್ತಿದ್ದರು. ಒಮ್ಮೆ ನಾನು ಓದಿನ ಆತುರದಲ್ಲಿ ಎಲ್ಲಕ್ಕೂ ಹೂಂ ಎಂದಾಗ ನನ್ನ ಕೈಹಿಡಿದು ನಿಲ್ಲಿಸಿದರು. "ನೋಡವ್ವಾ, ಕುರುಡರ ಕೈ ಹಿಡಿದೋರು ಬಾವಿ ಕಂಡ್ರೆ ಬಾವಿ ಅನ್ನಬೇಕು."

ಡಿಗ್ರಿ ಮುಗಿಸಿ ನಾನು ಬಿ.ಎಡ್. ಸೇರಿದೆ. ಅದರ ಪರೀಕ್ಷೆಯ ದಿನ ಬೆಳಿಗ್ಗೆ ಎದುರುಮನೆಯ ಹಿರಿಯರು ತೀರಿಕೊಂಡರು. ನಾನು ಶಿಕಾರಿಪುರದ ಬಸ್ಸಿಗೆ ಹೊರಟಿದ್ದೆ. ಓನರಮ್ಮ ಆಗಲೇ ಹಿತ್ತಲಲ್ಲಿ ಕಲ್ಲು ಹೂಡುತ್ತಿದ್ದರು.

"ನಾನು ಬಂದ ಮೇಲೆ ಮಾಡಾಣ್ರಿ" ಎಂದೆ.

"ನೀನು ಬರಾತನಕ ಹೆಣ ಕಾಯ್ತೈತಾ? ಹೋಗು, ಪರೀಕ್ಷಿ ಬರಿ."

"ಸೊಸೆನ ಕರೀರಿ ಮತ್ತೆ."

ಅವರು ಪಾತ್ರೆಯ ತಳಕ್ಕೆ ಮಣ್ಣು ಬಳಿಯತೊಡಗಿದರು.

ಮಧ್ಯಾಹ್ನ ಬಸ್ಸಿಳಿದು ನೇರವಾಗಿ ಸಾವಿನ ಮನೆಗೆ ಹೋದೆ. ಅಂಗಳದ ತುಂಬ ಜನ. ಗೋಡೆಗೊರಗಿಸಿ ಕೂರಿಸಿದ್ದ ಹಿರಿಯರ ಮುಂದೆ ಭಜನೆ ನಡೆದಿತ್ತು. ಓನರಮ್ಮ ಚಪ್ಪರದ ಮೂಲೆಯಲ್ಲಿ ಪಾತ್ರೆಯ ಮುಂದೆ ಕೂತು ಸೌಟಿನಲ್ಲಿ ಕಾಫಿ ಹಂಚುತ್ತಿದ್ದರು. ಮುಖದಲ್ಲಿ ದಣಿವಿತ್ತು, ಸಮಾಧಾನವೂ ಇತ್ತು. ನನಗೊಂದು ಲೋಟ ಕೊಟ್ಟರು.

"ಪರೀಕ್ಷಿ?"

"ಆತ್ರಿ."

ಲೋಟ ತುಟಿಗೆ ತರುವ ಮೊದಲೇ ಗೊತ್ತಾಯಿತು. ಹಾಲು ತಳ ಹಿಡಿದು ಸೀದಿತ್ತು. ಬೆಲ್ಲ, ಪುಡಿ ಎಲ್ಲವನ್ನೂ ಮೀರಿ ಸುಟ್ಟ ಉಣ್ಣೆಯಂಥ ವಾಸನೆ. ಕಾಯಿಸುವಾಗ ಅವರು ಎಂದೂ ಸೌಟು ಆಡಿಸುತ್ತ ಕೂತವರಲ್ಲ. ಹಾಲು ತಳ ಹಿಡಿಯುವ ಮುಂಚೆ ಮೂಗು ಎಬ್ಬಿಸುತ್ತಿತ್ತು. ಐವತ್ತು ವರ್ಷದ ಅಭ್ಯಾಸ ಒಂದು ಬೆಳಿಗ್ಗೆಗೆ ಹೋಗುವಂಥದ್ದಲ್ಲ.

ಅವರು ನನ್ನ ಮುಖ ನೋಡುತ್ತಿದ್ದರು. ಸಾವಿನ ಮನೆಯಲ್ಲಿ ತಿಂದದ್ದಕ್ಕೆ ಕುಡಿದದ್ದಕ್ಕೆ ರುಚಿ ಹೇಳಬಾರದು, ನಮ್ಮ ಕಡೆ ಮಕ್ಕಳಿಗೂ ಗೊತ್ತು. ಆದರೆ ಅವರು ದನಿ ತಗ್ಗಿಸಿ ಕೇಳಿದರು.

"ಹೆಂಗೈತೆ?"

"ಹಾಲು ಸೀದೈತ್ರಿ."

"ಭಾಳನಾ?"

"ಭಾಳ."

ಅವರು ಅಂಗಳದತ್ತ ನೋಡಿದರು. ಎಲ್ಲರ ಕೈಯಲ್ಲೂ ಲೋಟ. ಯಾರೂ ಚೆಲ್ಲಿರಲಿಲ್ಲ, ಯಾರೂ ಮುಖ ಸಿಂಡರಿಸಿರಲಿಲ್ಲ. ಎದುರುಮನೆಯಾಕೆ, ಅವತ್ತು ಮಾವನನ್ನು ಕಳೆದುಕೊಂಡವಳು, ಮಕ್ಕಳ ಕಿವಿಯಲ್ಲಿ ಏನೋ ಹೇಳಿ ಕುಡಿಸುತ್ತಿದ್ದಳು. ಅಷ್ಟರಲ್ಲಿ ಒಬ್ಬ ಮುದುಕರು ಖಾಲಿ ಲೋಟ ಹಿಡಿದು ಬಂದರು.

"ಇನ್ನರ್ಧ ಹಾಕು ತಾಯಿ. ನಿನ್ ಕೈ ಕಾಫಿ ಅಂದ್ರೆ ಕಾಫಿ."

ಬೈದಿದ್ದರೆ ಓನರಮ್ಮ ತಡೆದುಕೊಳ್ಳುತ್ತಿದ್ದರು, ತಿರುಗಿ ಬೈಯುತ್ತಿದ್ದರು. ಈ ಅರ್ಧ ಲೋಟವನ್ನು ತಡೆಯಲಾಗಲಿಲ್ಲ. ಹಾಕಿಕೊಟ್ಟರು, ಸೌಟನ್ನು ಪಾತ್ರೆಯೊಳಗೇ ಬಿಟ್ಟರು, ನನ್ನ ಭುಜ ಹಿಡಿದು ಎದ್ದು ಮನೆಗೆ ನಡೆದರು.

ಮಣ್ಣು ಮುಗಿಸಿ ಜನ ಚದುರಿದ ಮೇಲೆ ಸೊಸೆಯನ್ನು ಕರೆದರು. ನಾನು ಹಿತ್ತಲ ಬಾಗಿಲಲ್ಲಿದ್ದೆ.

"ನಿಂಗೂ ಗೊತ್ತಿತ್ತೇನೇ?"

"ಗೊತ್ತಿತ್ತತ್ತೆ."

"ಯಾವಾಗಿಂದ?"

"ಜ್ವರ ಬಿಟ್ಟಾಗಿಂದ. ಸಾರು ಹಳಸಿದ್ರೆ ನಾನೇ ಚೆಲ್ಲಿ ಬ್ಯಾರೆ ಮಾಡಿಡ್ತಿದ್ದೆ. ನಿಮ್ಮ ಮಗಂಗೂ ಗೊತ್ತು. ಬೀದಿಯವರಿಗೂ ಗೊತ್ತು. ಯಾಕೆ ನೋಯಿಸಬೇಕು ಅಂತ..."

"ಎಲ್ಲಾರೂ ಸೇರಿ ನನ್ನ ಸಾಯೋಕೆ ಮುಂಚೆ ಹೆಣ ಮಾಡಿದ್ರಲ್ಲೇ" ಎಂದರು. "ಹೆಣದ ಮುಂದೇನೇ ಯಾರೂ ಖರೆ ಹೇಳದಿಲ್ಲ."

ಸೊಸೆ ಅತ್ತಳು. ಅವರು ಅಳಲಿಲ್ಲ.

ಮರುದಿನದಿಂದ ಅವರು ಒಲೆಯ ಮುಂದೆ ಬರಲಿಲ್ಲ. ನನ್ನ ಕಾಫಿ ಮತ್ತೆ ಕಿಟಕಿಯಿಂದ ಬರತೊಡಗಿತು. ಸೊಸೆ ಕೆಟ್ಟವಳಲ್ಲ, ಒಳ್ಳೆಯ ಮಾತಾಡಿಯೇ ಕೊಡುತ್ತಿದ್ದಳು. ಅವಳಿಗೆ ಮೂಗು ಇತ್ತು, ಅಷ್ಟೇ.

ಓನರಮ್ಮ ಹೇಳಿದ್ದಂತೆಯೇ ಮಂಚವಾದರು. ಪಡಸಾಲೆಯ ಮೂಲೆಯಲ್ಲಿ ಮಲಗಿ ಗೋಡೆ ನೋಡುವರು. ಊಟ ಕಡಿಮೆಯಾಯಿತು. ಯಾವುದಕ್ಕೂ ರುಚಿಯೇ ಇಲ್ಲದ ಮೇಲೆ ತಿನ್ನುವುದು ಯಾಕೆ ಎನ್ನುತ್ತಿದ್ದರು. ಮೂಗುತಿಯನ್ನು ಬಿಚ್ಚಿ ಮೊಮ್ಮಗಳಿಗಿರಲೆಂದು ಕೊಟ್ಟುಬಿಟ್ಟರು.

ನನಗೆ ಆನವಟ್ಟಿಯಲ್ಲಿ ಶಾಲೆಯ ಕೆಲಸ ಸಿಕ್ಕಿತು, ಕೋಣೆ ಬಿಟ್ಟೆ. ಸಂತೆಯ ದಿನ ಶಿರಾಳಕೊಪ್ಪಕ್ಕೆ ಬಂದಾಗ ಹೋಗಿ ನೋಡುತ್ತಿದ್ದೆ. ಕೊನೆಯ ಸಲ ಹೋದಾಗ ಅವರ ಕಾಲು ಊದಿತ್ತು, ಉಸಿರು ಮೇಲಿಂದ ಮೇಲೆ ಬರುತ್ತಿತ್ತು. ಸೊಸೆ ಇಬ್ಬರಿಗೂ ಕಾಫಿ ತಂದಿಟ್ಟು ಬಾಗಿಲಲ್ಲೇ ನಿಂತಳು. ಓನರಮ್ಮ ತಮ್ಮ ಲೋಟವನ್ನು ನನ್ನ ಕಡೆ ಚಾಚಿದರು.

"ಇದು ಯಾವ್ದು? ಇಳಿಸಿದ್ದಾ, ಸೋಸಿದ್ದಾ?"

ಒಂದು ಗುಟುಕು ಕುಡಿದೆ. ಸೊಸೆ ನನ್ನನ್ನೇ ನೋಡುತ್ತಿದ್ದಳು. ಕಣ್ಣಲ್ಲೇ ಬೇಡವೆಂದಳು.

"ಎರಡೂ ಅಲ್ಲಮ್ಮಾ. ಪ್ಯಾಕೆಟ್ ಪುಡಿ. ಬಿಸಿಹಾಲಿಗೆ ಹಾಕಿ ಕಲಸಿದ್ದು."

ಸೊಸೆಯ ಮುಖ ಕಪ್ಪಿಟ್ಟಿತು. ಓನರಮ್ಮ ಲೋಟ ವಾಪಸ್ ತೆಗೆದುಕೊಂಡು ಎರಡೂ ಕೈಯಲ್ಲಿ ಹಿಡಿದರು.

"ಇರ್ಲಿ ಬಿಡೇ" ಎಂದರು ಅವಳಿಗೆ. "ನನ್ನ ಪಾಲಿಗೆ ಈಗ ಎರಡೇ ಕಾಫಿ. ಬಿಸಿ ಒಂದು, ತಣ್ಣಂದು ಒಂದು. ಇದು ಬಿಸಿ ಐತೆ." ಪೂರ್ತಿ ಕುಡಿದರು. ನನ್ನ ಕಡೆ ತಿರುಗಿ, "ಕಂಬಳಿ ವಾಸ್ನಿ ಐತೇನು?" ಎಂದರು.

"ಇಲ್ರಿ. ಇದಕ್ಕೆ ವಾಸನೇನೇ ಇಲ್ಲ."

"ಹಂಗಾರೆ ನಂಗೂ ನಿಂಗೂ ಒಂದೇ ಆತು" ಎಂದು ಸ್ವಲ್ಪ ನಕ್ಕರು. ಉಸಿರು ಸಾಲದೆ ನಗು ಕೆಮ್ಮಾಯಿತು.

ಸುದ್ದಿ ಬಂದಾಗ ನಾನು ತರಗತಿಯಲ್ಲಿದ್ದೆ. ಮಕ್ಕಳನ್ನು ಪಕ್ಕದ ಟೀಚರಿಗೆ ಒಪ್ಪಿಸಿ ಬಸ್ಸು ಹತ್ತಿದೆ. ಅದೇ ಪಡಸಾಲೆಯಲ್ಲಿ ಅವರನ್ನು ಹೂವು ಮುಡಿಸಿ ಕೂರಿಸಿದ್ದರು. ಮೂಗುತಿ ಇಲ್ಲದ ಎಡಗಡೆಯ ತೂತು ಬೋಳಾಗಿ ಕಾಣುತ್ತಿತ್ತು. ನಾನು ಕಾಲು ಮುಟ್ಟಿ, ಗೋಡೆಯ ಪಕ್ಕ ಕೂತೆ.

ಸ್ವಲ್ಪ ಹೊತ್ತಿಗೆ ಎದುರುಮನೆಯಾಕೆ ದೊಡ್ಡ ಪಾತ್ರೆ ಹೊತ್ತು ಬಂದಳು. ಮೂಲೆಯಲ್ಲಿಟ್ಟು, ಸೌಟು ಕೈಗೆ ತೆಗೆದುಕೊಂಡವಳು ಹಂಚಲಿಲ್ಲ. ಅಷ್ಟು ಜನರ ನಡುವೆ ನನ್ನನ್ನು ಹುಡುಕಿ, ಪಾತ್ರೆಯನ್ನು ನನ್ನ ಮುಂದಕ್ಕೆ ಸರಿಸಿದಳು.

"ಟೀಚರ್, ಅಮ್ಮಂಗೆ ನೀವೇ ಮೂಸಿ ಹೇಳ್ತಿದ್ರಂತೆ. ಹಂಚಾಕೆ ಮುಂಚೆ ಒಂದ್ಸಲ ನೋಡ್ರಿ."

ಬಾಗಿದೆ. ಹಬೆ ಮುಖಕ್ಕೆ ಹೊಡೆಯಿತು. ಭಜನೆಯವರು ಹಾಡು ನಿಲ್ಲಿಸಿ ನಮ್ಮನ್ನೇ ನೋಡುತ್ತಿದ್ದರು.

"ಹಾಲು ಸೀದಿಲ್ಲ" ಎಂದೆ, ಎಲ್ಲರಿಗೂ ಕೇಳುವಂತೆ. "ಬೆಲ್ಲ ಸ್ವಲ್ಪ ಹೆಚ್ಚಾಗೈತೆ. ಹಂಚ್ರಿ."