ಆಮೇಲೆ ಸ್ವಲ್ಪ ಮಾತಾಯಿತು

ನಲವತ್ತಾರನೆಯ ವಯಸ್ಸಿನಲ್ಲಿ ಪಿಎಚ್‌ಡಿಗೆ ಸೇರಿದೆ ಎಂದಾಗ ನಮ್ಮ ಮನೆಯಲ್ಲಿ ಯಾರೂ ಬೆಚ್ಚಿಬೀಳಲಿಲ್ಲ. ವಿಷಯ ನಾಯಕತ್ವ ಎಂದಾಗ ಮಾತ್ರ ನನ್ನ ಗಂಡ ಇಸ್ತ್ರಿಪೆಟ್ಟಿಗೆಯನ್ನು ಕೆಳಗಿಟ್ಟು, "ಅದನ್ನು ನೀನು ಇನ್ನೂ ಕಲೀಲಿಕ್ಕುಂಟಾ ಮಾರಾಯ್ತಿ?" ಎಂದರು.

ಹಗಲು ಬ್ಯಾಂಕಿನ ಕೆಲಸ, ಸಂಜೆ ಕುವೈತಿನ ಮಹಬೂಲಾದ ಹನ್ನೊಂದನೆಯ ಮಹಡಿಯ ಫ್ಲ್ಯಾಟಿನಲ್ಲಿ ಲ್ಯಾಪ್‌ಟಾಪಿನ ಮುಂದೆ ಓದು. ವಿಶ್ವವಿದ್ಯಾಲಯ ಇದ್ದದ್ದು ಇನ್ನೊಂದು ದೇಶದಲ್ಲಿ, ಗೈಡ್ ಮೇಡಂ ಇದ್ದದ್ದು ಪರದೆಯಲ್ಲಿ. ನನ್ನದು ಅಂತರಶಿಸ್ತೀಯ ಪದವಿ. ಆಡಳಿತಶಾಸ್ತ್ರ, ಮನಃಶಾಸ್ತ್ರ, ಮಾನವಶಾಸ್ತ್ರ ಈ ಮೂರೂ ಕಡೆಯಿಂದ ಒಬ್ಬೊಬ್ಬರು ಕೂತು ನಾನು ಬರೆದದ್ದನ್ನು ನೋಡುತ್ತಾರೆ. ಉಡುಪಿ ಕಡೆಯಿಂದ ವಿಸಿಟ್ ವೀಸಾದಲ್ಲಿ ಬಂದಿದ್ದ ಅತ್ತೆಗೆ ಇದನ್ನು ವಿವರಿಸಿದಾಗ ಅವರು ಬೀನ್ಸಿನ ನಾರು ತೆಗೆಯುತ್ತಾ, "ಮೂರು ಅತ್ತೆಯಂದಿರಿಗೆ ಒಬ್ಬಳೇ ಸೊಸೆ ಅಂತ ಹೇಳು. ಪಾಪ ನೀನು," ಎಂದರು. ಅಷ್ಟು ಚೊಕ್ಕವಾದ ವ್ಯಾಖ್ಯೆ ನನಗೆ ಯಾವ ಪುಸ್ತಕದಲ್ಲೂ ಸಿಕ್ಕಿರಲಿಲ್ಲ.

ಅಧ್ಯಯನಕ್ಕೆ ನಾನು ಆರಿಸಿಕೊಂಡದ್ದು ಸಬ್ಹಾನ್ ಕೈಗಾರಿಕಾ ಪ್ರದೇಶದ ಒಂದು ದೊಡ್ಡ ಅಡುಗೆಮನೆ. ಹತ್ತಾರು ಆಫೀಸುಗಳಿಗೆ ಅಲ್ಲಿಂದ ಮಧ್ಯಾಹ್ನದ ಊಟ ಹೋಗುತ್ತದೆ. ಎಲ್ಲ ಎಡವಟ್ಟಾದ ಹೊತ್ತಿನಲ್ಲಿ ಜನ ಯಾರ ಮಾತು ಕೇಳುತ್ತಾರೆ, ಯಾಕೆ ಕೇಳುತ್ತಾರೆ ಎಂಬುದು ನನ್ನ ಪ್ರಶ್ನೆ. ಅಡುಗೆಯವರು ಹೆಚ್ಚುಕಡಿಮೆ ಎಲ್ಲರೂ ಕರಾವಳಿಯವರು, ಮಾತೆಲ್ಲ ತುಳು. ನಾನು ಎದುರಿಗೆ ನಿಂತರೆ ಎಲ್ಲರೂ ಸಭ್ಯರಾಗಿಬಿಡುತ್ತಿದ್ದರು. ಹಾಗಾಗಿ ಅವರೆಲ್ಲರ ಒಪ್ಪಿಗೆ ಪಡೆದು, ಫೋನನ್ನು ಮಸಾಲೆ ಡಬ್ಬಿಗಳ ನಡುವೆ ರೆಕಾರ್ಡಿಂಗಿಗೆ ಇಟ್ಟು, ಸ್ಟೋರ್ ರೂಮಿನ ಅಕ್ಕಿ ಮೂಟೆಯ ಮೇಲೆ ಕೂತಿರುತ್ತಿದ್ದೆ.

ಆದರೆ ಮಂಡ್ಯದ ಅಜ್ಜಿಯ ಬಾಯಿಂದ ಕನ್ನಡ ಕಲಿತವಳು ನಾನು. ಮದುವೆಯಾಗಿ ಇಪ್ಪತ್ತು ವರ್ಷವಾದರೂ ತುಳುವಿನಲ್ಲಿ ನನ್ನ ಸಂಪತ್ತು ಬಾ, ಕೂತುಕೋ, ಊಟ ಆಯಿತಾ ಅನ್ನುವಷ್ಟೇ. ಗಂಡ ಅನುವಾದ ಮಾಡಿಕೊಡಬಹುದಿತ್ತು. ಅವರು ಆ ಅಡುಗೆಮನೆಯ ಹೆಡ್ ಕುಕ್ ಜೊತೆ ಶುಕ್ರವಾರ ವಾಲಿಬಾಲ್ ಆಡುತ್ತಾರೆಂದು ಗೊತ್ತಾದದ್ದೇ ತಡ, ಗೈಡ್ ಮೇಡಂ, "ಸ್ನೇಹಿತರು ಬೇಡ, ಪಕ್ಷಪಾತ ಬರುತ್ತದೆ," ಎಂದರು. ಉಳಿದವರು ಅತ್ತೆ. ಮೂವತ್ತು ವರ್ಷ ಪ್ರೈಮರಿ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರು, ಮುತ್ತಿನಂಥ ಅಕ್ಷರ. ಅಡುಗೆಮನೆಯ ಯಾರ ಪರಿಚಯವೂ ಅವರಿಗಿಲ್ಲ.

ಇಯರ್‌ಫೋನ್ ಸಿಕ್ಕಿಸಿಕೊಂಡು ದಿನಾ ಬೆಳಿಗ್ಗೆ ಊಟದ ಮೇಜಿಗೆ ಕೂತರೆ ಅತ್ತೆ ಏಳುತ್ತಿದ್ದದ್ದು ಸಾರಿಗೆ ಒಗ್ಗರಣೆ ಹಾಕಲಿಕ್ಕೆ ಮಾತ್ರ. "ಈ ಜನ ಸಾಂಬಾರಿಗೆ ಬೆಲ್ಲ ಹಾಕುದು ಮರೆತ್ರು," ಎಂದು ನಡುನಡುವೆ ವರದಿ ಕೊಡುತ್ತಿದ್ದರು. ನೀಲಿ ನೋಟ್‌ಬುಕ್ ತುಂಬಿತು. ಅದನ್ನು ಇಂಗ್ಲಿಷಿಗೆ ತಂದು ನಾನು ಕಳಿಸಿದೆ. ಗೈಡ್ ಮೇಡಂ ಪರದೆಯಲ್ಲೇ ಕುರ್ಚಿ ಬಿಟ್ಟು ಎದ್ದರು. "ಇಪ್ಪತ್ತೆರಡು ಗಂಡಸರು, ಬೆಂಕಿ, ಚಾಕು, ಗಡಿಯಾರದ ಒತ್ತಡ. ಆದರೂ ಒಂದೇ ಒಂದು ಜಗಳವಿಲ್ಲ! ಇದು ಹೊಸ ಸಿದ್ಧಾಂತ!"

ನನ್ನ ಕಾಲು ಆವತ್ತು ನೆಲದ ಮೇಲಿರಲಿಲ್ಲ. ಅಧ್ಯಾಯಕ್ಕೆ 'ಕೋಪವಿಲ್ಲದ ನಾಯಕತ್ವ' ಎಂದು ಹೆಸರಿಟ್ಟೆ. ಸೌಟು ಹಿಡಿದು ನಡುಮನೆಯಲ್ಲಿ ಎರಡು ಸುತ್ತು ಕುಣಿದೂಬಿಟ್ಟೆ. ಅತ್ತೆ ಚಪ್ಪಾಳೆ ತಟ್ಟಿದರು.

ಇನ್ನು ಹತ್ತು ದಿನಕ್ಕೆ ಗೈಡ್ ಮೇಡಂ ಸೇರಿದಂತೆ ಮೂವರ ಸಮಿತಿಯ ಮುಂದೆ ಪರಿಶೀಲನೆ ಇತ್ತು. ಅಲ್ಲಿ ಒಪ್ಪಿಗೆ ಸಿಗದಿದ್ದರೆ ಇನ್ನೊಂದು ಜಾಗ ಹುಡುಕಿ ಮೊದಲಿಂದ ಶುರು. ಅದರ ಮರುದಿನವೇ ಅತ್ತೆಯ ವಿಮಾನ.

ಶನಿವಾರ ಬೆಳಿಗ್ಗೆ ನಾನು ಫೋನಿನ ರೆಕಾರ್ಡಿಂಗನ್ನು ಜೋರಾಗಿ ಹಾಕಿಕೊಂಡು ಪುಟಗಳನ್ನು ಹೊಂದಿಸುತ್ತಿದ್ದೆ. ಹಾದುಹೋಗುತ್ತಿದ್ದ ಗಂಡ ನಿಂತರು. ಕಿವಿ ಕೊಟ್ಟರು. ಕೈಯಲ್ಲಿದ್ದ ಕಾಫಿ ಅಂಗಿಯ ಮೇಲೆ ಚೆಲ್ಲಿತು.

"ಇದಕ್ಕೆ ಅಮ್ಮ ಎಂತ ಬರ್ದಿದ್ದಾರೆ?"

ಓದಿದೆ. "ಅನ್ನ ತುಸು ಅಡಿ ಹಿಡಿಯಿತು. ಆಮೇಲೆ ಸ್ವಲ್ಪ ಮಾತಾಯಿತು. ಊಟದ ವ್ಯಾನು ಹೊರಟಿತು."

ಅವರು ಸೋಫಾದ ಮೇಲೆ ಬಿದ್ದು ನಗತೊಡಗಿದರು. "ಸ್ವಲ್ಪ ಮಾತಾ? ನಮ್ಮ ಹೆಡ್ ಕುಕ್ ಇಪ್ಪತ್ತು ನಿಮಿಷ ಬೈದಿದ್ದಾನೆ ಮಾರಾಯ್ತಿ! ಇದ್ರಲ್ಲಿ ನಾನೇ ಕೇಳದ್ದು ಎರಡು ಉಂಟು!"

ದೊಡ್ಡ ಎಕ್ಸಾಸ್ಟ್ ಫ್ಯಾನಿನ ಕೆಳಗೆ ಎಲ್ಲರೂ ಕೂಗಿಯೇ ಮಾತಾಡುತ್ತಾರೆ. ಯಾವುದು ಉಪ್ಪು ಕೇಳಿದ್ದು, ಯಾವುದು ಬೈದದ್ದು ಎಂದು ನನಗೆ ಹೇಗೆ ತಿಳಿಯಬೇಕು? ನೋಟ್‌ಬುಕ್ಕಿನ ಪುಟ ತಿರುವಿದೆ. ಆಮೇಲೆ ಸ್ವಲ್ಪ ಮಾತಾಯಿತು. ಇನ್ನೊಂದು ಪುಟ. ಆಮೇಲೆ ಸ್ವಲ್ಪ ಮಾತಾಯಿತು. ನನ್ನ ಹೊಸ ಸಿದ್ಧಾಂತವೆಲ್ಲ ಆ ಒಂದು ವಾಕ್ಯದ ಬೆನ್ನ ಮೇಲೆ ಕೂತಿತ್ತು.

ಅತ್ತೆ ಅಡುಗೆಮನೆಯಲ್ಲಿ ಶಾಂತವಾಗಿ ತೆಂಗಿನಕಾಯಿ ತುರಿಯುತ್ತಿದ್ದರು.

"ಅತ್ತೆ, ಬೈದಿದ್ದೆಲ್ಲ ಬಿಟ್ಟುಬಿಟ್ಟಿದ್ದೀರಲ್ಲಾ?"

"ಮತ್ತೆಂತ? ನಮ್ಮ ಊರಿನ ಮಕ್ಕಳು ಇಷ್ಟು ದೂರ ಬಂದು ಬೆವರು ಸುರಿಸ್ತಾರೆ. ಅವರ ಬಾಯನ್ನು ನೀನು ಫಾರಿನ್‌ನವರಿಗೆ ಓದಿಸುದಾ?"

"ಯಾರ ಹೆಸರೂ ಹಾಕಲ್ಲ ಅತ್ತೆ. ಅವರೇ ಒಪ್ಪಿ ಸೈನ್ ಹಾಕಿದ್ದಾರೆ."

"ಹೆಸರು ತೆಗೆದ್ರೆ ಊರು ಹೋಗ್ತದಾ? ಅದೂ ಆ ಅನ್ನದ ಒಲೆಯವರು ಆ ಬೈದವನ ಅಪ್ಪನ ಪ್ರಾಯದವರು. ಅವರಿಗೆ ಹಾಗೆ ಹೇಳುದಾ? ನಾನು ಬರೆಯುದಿಲ್ಲ. ಖಲಾಸ್."

ಕುವೈತಿಗೆ ಬಂದ ಎರಡನೆಯ ದಿನವೇ ಅತ್ತೆ ಖಲಾಸ್ ಅನ್ನುವುದನ್ನು ಕಲಿತಿದ್ದರು. ಅದಾದ ಮೇಲೆ ಮಾತು ಬೆಳೆಸಿದವರಿಲ್ಲ. ಮಗ ಹೇಳಿದರೂ ಜಗ್ಗಲಿಲ್ಲ. ಕೊನೆಗೆ ನನಗೆ ಉಳಿದದ್ದು ಒಂದೇ ದಾರಿ. ಬೈದವರನ್ನೇ ಮರುದಿನ ಸಂಜೆ ಕಾಫಿಗೆ ಕರೆದೆ.

ಹೆಡ್ ಕುಕ್ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ತಾನೇ ಮಾಡಿದ ಪತ್ರೊಡೆಯ ಡಬ್ಬಿ ಹಿಡಿದು ಬಂದರು. ಅತ್ತೆ ಒಂದು ತುಂಡು ಬಾಯಿಗಿಟ್ಟು, "ಹುಳಿ ಒಂಚೂರು ಮುಂದುಂಟು, ಬಾಕಿ ಒಳ್ಳೇದಾಗಿದೆ," ಎಂದು ತೀರ್ಪು ಕೊಟ್ಟರು. ನಾನು ನೋಟ್‌ಬುಕ್ ತೆಗೆದು ಹೆಡ್ ಕುಕ್ ಕೈಗಿತ್ತೆ. ಓದುತ್ತಾ ಓದುತ್ತಾ ಅವರ ಮುಖ ಇಳಿಯಿತು.

"ಅಮ್ಮಾ, ಅಕ್ಷರ ಭಾರಿ ಚಂದ ಉಂಟು. ಆದ್ರೆ ಇದ್ರಲ್ಲಿ ನಾನೆಲ್ಲಿದ್ದೇನೆ?"

"ಇದ್ದೀಯಲ್ಲ. ಅನ್ನ ಇಳಿಸಿ ಅಂತ ಹೇಳಿದವ ನೀನೇ."

"ಅದನ್ನು ಯಾರು ಬೇಕಾದ್ರೂ ಹೇಳ್ತಾರೆ ಅಮ್ಮಾ. ಆ ದಿನ ಅನ್ನದ ಒಲೆಯ ಅಣ್ಣನ ಮಗಳಿಗೆ ಊರಲ್ಲಿ ಹೆರಿಗೆ. ಫೋನ್ ಬರ್ತದೆ ಬರ್ತದೆ ಅಂತ ಕಾದು ಕಾದು ಕೈ ನಡುಗ್ತಾ ಇತ್ತು. ಅನ್ನ ಅಡಿ ಹಿಡೀತು. ನಾನು ಪಾಪ ಅಂತ ಬೆನ್ನು ತಟ್ಟಿದ್ರೆ ಕಣ್ಣೀರೇ ಹಾಕ್ತಿದ್ರು. ಅದಕ್ಕೆ ಬೈದೆ. ಅವರಿಗೆ ಸಿಟ್ಟು ಬಂತು, ನನಗೆ ದುಪ್ಪಟ್ಟು ಬೈದ್ರು. ಕೈ ನಡುಗುದು ನಿಂತಿತು. ಇನ್ನೊಂದು ಅನ್ನ ಇಟ್ರು."

ಅತ್ತೆ ನೋಟ್‌ಬುಕ್ಕನ್ನು ತಮ್ಮ ಕಡೆಗೆ ಎಳೆದುಕೊಂಡರು.

"ಆಮೇಲೆ ಸೂಪರ್‌ವೈಸರ್ ಬಂದ್ರು, ಯಾರು ಅಡಿ ಹಿಡಿಸಿದ್ದು ಅಂತ ಕೇಳ್ಲಿಕ್ಕೆ. ನಾನೇ ಅಂತ ಹೇಳಿ ಅವರಿಗೂ ಬೈದೆ. ನೀವು ಅದನ್ನೂ ತೆಗೆದಿದ್ದೀರಿ."

"ಅದು ತುಂಬಾ ಕೆಟ್ಟದಿತ್ತು ಮಗಾ."

"ಕೆಟ್ಟದೇ. ಮತ್ತೆ ಫೋನ್ ಬಂತಲ್ಲ, ಹೆಣ್ಣು ಮಗು ಅಂತ. ಅದೂ ಇಲ್ಲ ಇದ್ರಲ್ಲಿ!"

ನಾನು ದಂಗಾದೆ. "ಅತ್ತೆ, ಮಗು ಹುಟ್ಟಿದ್ದನ್ನೂ ಯಾಕೆ ಬಿಟ್ರಿ?"

ಅತ್ತೆಯ ಮುಖ ಕೆಂಪಾಯಿತು. "ಆ ಸಂತೋಷ ಅವರು ಯಾವ ಮಾತಲ್ಲಿ ಹೇಳಿದ್ದಾರೆ ಅಂತ ನಿನಗೆ ಗೊತ್ತುಂಟಾ?"

ಮೊದಲು ನಕ್ಕದ್ದು ಹೆಡ್ ಕುಕ್. ಆಮೇಲೆ ನನ್ನ ಗಂಡ. ಅತ್ತೆ ಸೆರಗನ್ನು ಬಾಯಿಗೆ ಒತ್ತಿ ಹಿಡಿದರೂ ಭುಜ ಕುಣಿಯುತ್ತಿತ್ತು. ಕಡೆಗೆ ಸೆರಗು ಜಾರಿ, ಮೇಜು ಬಡಿದು ನಕ್ಕರು. ಏನೂ ಅರ್ಥವಾಗದ ನಾನೂ ಕಣ್ಣೀರು ಒರೆಸಿಕೊಳ್ಳುತ್ತಿದ್ದೆ.

ಮರುದಿನದಿಂದ ನಮ್ಮ ಫ್ಲ್ಯಾಟು ಫ್ಲ್ಯಾಟಾಗಿ ಉಳಿಯಲಿಲ್ಲ. ನಾನು ಬ್ಯಾಂಕಿಗೆ ರಜೆ ಹಾಕಿದೆ. ಅತ್ತೆ ದೇವರ ಕ್ಯಾಲೆಂಡರನ್ನು ಗೋಡೆಯ ಕಡೆಗೆ ತಿರುಗಿಸಿಟ್ಟು, ಬೈಗುಳದ ಸಮೇತ ಮೊದಲಿಂದ ಶುರುಮಾಡಿದರು. ಬರೆದರೆ ತಡವಾಗುತ್ತದೆಂದು ಬಾಯಲ್ಲೇ ಹೇಳುತ್ತಿದ್ದರು, ಒಬ್ಬೊಬ್ಬರ ದನಿಯಲ್ಲಿ, ತುಳುವಿನಲ್ಲಿ ಒಮ್ಮೆ, ಕನ್ನಡದಲ್ಲಿ ಒಮ್ಮೆ. ನಾನು ಟೈಪ್ ಮಾಡುತ್ತಿದ್ದೆ. ಮೂರನೆಯ ದಿನ ಕಟ್ಟಡ ನೋಡಿಕೊಳ್ಳುವ ಹಾರಿಸ್ ಬಂದು ಬೆಲ್ ಒತ್ತಿ, "ಮೇಡಂ, ಸಬ್ ಠೀಕ್ ಹೈ?" ಎಂದು ಕೇಳಿದ. ಕೆಳಗಿನ ಮನೆಯವರು ಅತ್ತೆ ಸೊಸೆ ಬಡಿದಾಡುತ್ತಿದ್ದಾರೆಂದು ದೂರು ಕೊಟ್ಟಿದ್ದರಂತೆ. ಒಂದು ಬೈಗುಳಕ್ಕೆ ಮಾತ್ರ ಅತ್ತೆ ಐದು ನಿಮಿಷ ಕಣ್ಣು ಮುಚ್ಚಿ ಕೂತು, "ಇದಕ್ಕೆ ಕನ್ನಡದಲ್ಲಿ ಸಾಮಾನಿಲ್ಲ. ಹಾಗೇ ಇಡು," ಎಂದರು.

ಪರಿಶೀಲನೆಯ ದಿನ ಸಮಿತಿಗೆ ನಡೆದದ್ದನ್ನು ಮುಚ್ಚುಮರೆಯಿಲ್ಲದೆ ಹೇಳಿದೆ. ಗೈಡ್ ಮೇಡಂ ಮುಖದಲ್ಲಿ ಹೊಸ ಸಿದ್ಧಾಂತ ಸತ್ತ ಸೂತಕ. ಅಷ್ಟರಲ್ಲಿ ಮಾನವಶಾಸ್ತ್ರದವರು ಮಗು ಹುಟ್ಟಿದ ಪುಟವನ್ನು ಜೋರಾಗಿ ಓದಿದರು. ಮನಃಶಾಸ್ತ್ರದವರು ಮೈಕ್ ಆಫ್ ಮಾಡಲು ಮರೆತು ನಕ್ಕರು. ಮೇಡಂ ತಡೆದೂ ತಡೆದೂ ಕಡೆಗೆ ತಾವೂ ಸೋತರು. "ಎರಡು ಅನುವಾದವನ್ನೂ ಅಕ್ಕಪಕ್ಕ ಹಾಕಿ. ಏನನ್ನು ಮುಚ್ಚಿಟ್ಟರು ಅನ್ನುವುದೂ ಅಧ್ಯಯನವೇ. ಮುಂದುವರಿಸಿ," ಎಂದು ಒಪ್ಪಿಗೆ ಕೊಟ್ಟರು.

ಮರುದಿನ ಬೆಳಿಗ್ಗೆ ಪೆಟ್ಟಿಗೆಗಳು ಬಾಗಿಲ ಬಳಿ ನಿಂತಿದ್ದವು. ಅನುವಾದಕರು ಸಹಿ ಹಾಕಬೇಕಾದ ಪತ್ರವನ್ನು ಅತ್ತೆಯ ಮುಂದಿಟ್ಟೆ. ಕನ್ನಡಕ ಏರಿಸಿ ಪೂರ್ತಿ ಓದಿದರು.

"ನಾನು ಮೊದಲು ಬಿಟ್ಟದ್ದನ್ನೂ ಹಾಕ್ತಿಯಾ?"

"ಹಾಕಬೇಕು ಅತ್ತೆ. ಸಮಿತಿಯವರೇ ಹೇಳಿದ್ದಾರೆ."

"ಹಾಗಾದ್ರೆ ಕೆಳಗೆ ಒಂದು ಗೆರೆ ಸೇರಿಸು. ಅದಿಲ್ಲದಿದ್ರೆ ಸೈನ್ ಇಲ್ಲ."

ಗಂಡ ಕಾರಿನ ಹಾರ್ನ್ ಒತ್ತುತ್ತಿದ್ದರು. ನಿಂತಲ್ಲೇ ಟೈಪ್ ಮಾಡಿ, ಪ್ರಿಂಟ್ ತೆಗೆದು ಕೊಟ್ಟೆ. ಅತ್ತೆ ಆ ಗೆರೆಯನ್ನು ಎರಡು ಸಲ ಓದಿ, ಮುತ್ತಿನಂಥ ಅಕ್ಷರದಲ್ಲಿ ಸಹಿ ಹಾಕಿದರು. ನನ್ನ ಪ್ರಬಂಧದ ಅನುಬಂಧದಲ್ಲಿ ಅದು ಈಗಲೂ ಹಾಗೇ ಇದೆ:

"ಇಲ್ಲಿರುವ ಬೈಗುಳಗಳೆಲ್ಲ ಮಾತಾಡಿದವರವು. ಅನುವಾದ ಮಾಡಿದವಳು ಮರ್ಯಾದಸ್ಥೆ."