ಕಾಶ್ಯಪ ಗೋತ್ರದ ಎಲುಬು

ನಲವತ್ತೇಳರ ದೀಪಾವಳಿ ಸೂಟಿಗೆ ನಮ್ಮನೆಯವರು ಹೈದರಾಬಾದಿನಿಂದ ಅಫಜಲಪುರಕ್ಕೆ ಬಂದಾಗ ಒಂದು ಟ್ರಂಕಿನಲ್ಲಿ ಬಟ್ಟೆ ಇತ್ತು, ಇನ್ನೊಂದರಲ್ಲಿ ಮನುಷ್ಯನ ಎಲುಬು. ಡಾಕ್ಟರಿ ಓದುವವರು ಎಲುಬು ಕೈಯಲ್ಲಿ ಹಿಡಿದೇ ಕಲಿಯಬೇಕಂತೆ. ಪರೀಕ್ಷೆಯಲ್ಲಿ ಒಂದು ಎಲುಬು ಕೈಗಿಟ್ಟು, ಇದು ಬಲಗಡೆಯದೋ ಎಡಗಡೆಯದೋ ಎಂದು ಕೇಳುತ್ತಾರಂತೆ. ಹೋದ ಸಲ ಇವರು ನಪಾಸಾದದ್ದು ಅಲ್ಲಿಯೇ. ಈ ಸಲವೂ ಹಾಗೇ ಆದರೆ ಕಾಲೇಜು ಬಿಡಿಸಿ ಊರ ದಫ್ತರ ಬರೆಯಲು ಕೂಡಿಸುತ್ತೇನೆ ಎಂದು ಮಾವನವರು ಹೇಳಿಬಿಟ್ಟಿದ್ದರು. ಅವರು ಒಮ್ಮೆ ಹೇಳಿದರೆ ಮುಗಿಯಿತು.

ದೇವರ ಮನೆ ಇರುವಲ್ಲಿ ಸತ್ತವರ ಎಲುಬು ಹೇಗೆ ಇಡುವುದು? ದನದ ಕೊಟ್ಟಿಗೆಯ ಅಟ್ಟದ ಮೇಲೆ ಇಟ್ಟೆವು. ಇವರು ಅದನ್ನು ಮುಟ್ಟಿ ಓದಿ ಬಂದಾಗಲೆಲ್ಲ ಸ್ನಾನ. ನೀರು ಕಾಸಿ ಕಾಸಿ ನನಗೆ ಸಾಕಾಗುತ್ತಿತ್ತು. ಬಾವಿ ಅಂಗಳದಲ್ಲೇ ಇತ್ತು, ಅಷ್ಟು ದೇವರ ದಯೆ.

ಹಬ್ಬದ ಅಳಿಯತನಕ್ಕೆಂದು ಇಬ್ಬರೂ ನನ್ನ ತವರು ಜೇವರ್ಗಿಗೆ ಹೋದೆವು. ತಿರುಗಿ ಬಂದು ನೋಡಿದರೆ ಎಲುಬಿನ ಟ್ರಂಕು ಅಂಗಳದಲ್ಲಿ ಬೋರಲು ಬಿದ್ದಿದೆ. ಗೋಮೂತ್ರ ಹಾಕಿ ತೊಳೆದು ಬಿಸಿಲಿಗೆ ಇಟ್ಟಿದ್ದರು.

“ಅವ್ವಾ, ಇದರಾಗಿಂದು ಎಲ್ಲಿ?” ಎಂದು ಇವರು ಕೂಗಿದರು.

“ಗಾಣಗಾಪುರಕ್ಕ ಒಯ್ದು ಸಂಗಮದಾಗ ಬಿಟ್ಟು ಬಂದೆನೋ.” ಅತ್ತೆಯವರ ಮುಖದಲ್ಲಿ ಯಾತ್ರೆ ಮುಗಿಸಿದ ಸಮಾಧಾನ. “ಯಾರ ಮನಿ ಜೀವನೋ ಏನೋ, ದಿಕ್ಕಿಲ್ದ ನಮ್ಮ ಅಟ್ಟದ ಮ್ಯಾಲ ಬಿದ್ದಿತ್ತು. ಭಟ್ಟರು ಗೋತ್ರ ಕೇಳಿದ್ರು. ಕಾಶ್ಯಪ ಅಂದೆ.”

ಗೋತ್ರ ತಿಳಿಯದವರಿಗೆಲ್ಲ ಕಾಶ್ಯಪ ಎನ್ನುವುದು ನಮ್ಮ ರೂಢಿ.

ಇವರು ತಲೆಯ ಮೇಲೆ ಕೈ ಹೊತ್ತು ಕುಳಿತರು. “ಅದು ಹಿಂದೂಂದೋ ಮುಸಲ್ಮಾನಂದೋ ಯಾರಿಗೆ ಗೊತ್ತವ್ವಾ!”

“ಎಲುಬಿನ ಮ್ಯಾಲ ಬರದಿರ್ತದೇನೋ? ಯಾರರೆ ಇರ್ಲಿ, ತಣ್ಣಗ ನದ್ಯಾಗಿರ್ಲಿ.”

“ನನ್ನ ಪರೀಕ್ಷಾ ಏನಾಗಬೇಕು?”

ಆ ಎಲುಬು ಇಲ್ಲದೆ ಪರೀಕ್ಷೆ ಕಷ್ಟ ಎಂದು ಅತ್ತೆಗೆ ಯಾರೂ ಬಿಡಿಸಿ ಹೇಳಿರಲಿಲ್ಲ. ಈಗ ತಿಳಿದ ಮೇಲೆ ಅವರು ಊಟಕ್ಕೇ ಏಳಲಿಲ್ಲ.

ಬೇರೆ ಎಲುಬು ಸಿಗುವುದು ಹೈದರಾಬಾದಿನಲ್ಲಿ. ಅಲ್ಲಿ ದಿನಾ ಗಲಾಟೆ, ಕಾಲೇಜು ಎಂದು ತೆರೆಯುತ್ತದೋ ತಿಳಿಯದು. ಇವರು ಪುಸ್ತಕದ ಚಿತ್ರವನ್ನು ಹೀಗೊಮ್ಮೆ ಹಾಗೊಮ್ಮೆ ತಿರುಗಿಸಿ ನೋಡುತ್ತಿದ್ದರು. ಎಡ ಬಲ ಮಾತ್ರ ತಲೆಯಲ್ಲಿ ಕೂಡುತ್ತಿರಲಿಲ್ಲ. ನೋಡುವಷ್ಟು ನೋಡಿ, ಒಂದು ದಿನ ನಾನೇ ಪಡಸಾಲೆಗೆ ಹೋಗಿ ಇವರ ಮುಂದೆ ಕೈ ಚಾಚಿದೆ.

“ಇದರಾಗ ಎಲುಬಿಲ್ಲೇನ್ರಿ? ಹಿಡದು ನೋಡ್ರಿ.”

ಹಿರಿಯರಿರುವ ಮನೆಯಲ್ಲಿ ಹಗಲು ಗಂಡನ ಜೊತೆ ಮಾತೇ ಆಡದ ಕಾಲವದು. ನನ್ನ ಕಿವಿ ಬಿಸಿಯಾದವು, ಆದರೂ ಕೈ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಇವರು ಬಾಗಿಲ ಕಡೆ ನೋಡಿ, ಅಂಜುತ್ತ ಮಣಿಕಟ್ಟು ಒತ್ತಿದರು. ಅಷ್ಟರಲ್ಲಿ ಅಡಿಗೆಮನೆಯಿಂದ ಅತ್ತೆ ಬಂದರು.

“ಏನಬೇ ಇದು, ಹಾಡಹಗಲ!”

“ಎಲುಬು ಓದಾಕತ್ತಾರ್ರೀ ಅತ್ತೀ.”

ಅತ್ತೆ ಸೆರಗಿಗೆ ಕೈ ಒರೆಸಿಕೊಂಡು, ನನ್ನನ್ನು ಪಕ್ಕಕ್ಕೆ ಸರಿಸಿ ಮಗನ ಮುಂದೆ ಕುಳಿತರು. “ಆಕಿ ಮೈಯಾಗ ಎಲುಬು ಎಲ್ಲಿ ಹುಡುಕ್ತಿ? ನಂದು ತಗೋ. ಅದು ಬಿಟ್ರ ನನ್ನಲ್ಲಿ ಮತ್ತೇನದ?”

ಅಂದಿನಿಂದ ಊಟವಾದ ಮೇಲೆ ಅದೇ ಕೆಲಸ. ಪುಸ್ತಕ ಉರ್ದುವಿನದು. ಕೊರಳ ಕೆಳಗಿನ ಅಡ್ಡ ಎಲುಬಿಗೆ ಅದರಲ್ಲಿ ಹಂಸಲಿ ಎಂದು ಹೆಸರು.

“ಹಂಸಲಿ ಅಂದ್ರ ಕೊರಳಿಗೆ ಹಾಕೋ ಬೆಳ್ಳಿದಲ್ಲೇನೋ? ನನಗ್ಯಾವಾಗ ಮಾಡಿಸಿದ್ದಿ?”

“ಸುಮ್ನ ಕೂಡವ್ವಾ, ಅಲುಗಬ್ಯಾಡ.”

ಎದೆಯ ಕಡೆ ದುಂಡಗೆ, ಮುಂದಕ್ಕೆ ಬಾಗಿದ್ದು. ಹೆಗಲ ಕಡೆ ಚಪ್ಪಟೆ, ಹಿಂದಕ್ಕೆ ಬಾಗಿದ್ದು. ಇವರು ಬೆರಳಿನಿಂದ ತಡವುತ್ತ ಬಾಯಿಪಾಠ ಮಾಡುತ್ತಿದ್ದರು. ನಾನು ಜೋಳ ಹಸನು ಮಾಡುತ್ತ, ಯಾವ ಕಡೆಯದೆಂದು ಕೇಳುತ್ತಿದ್ದೆ. ತಪ್ಪಿದರೆ ಅತ್ತೆ ತಲೆಗೊಂದು ಮೊಟಕಿ, “ಉಣ್ಣೋ ಕೈ ಯಾವುದಂತ ನೆನಪು ಮಾಡ್ಕೋ” ಅನ್ನುತ್ತಿದ್ದರು. ಅವರ ಹೆಗಲು ಕೆಂಪಾದರೂ ಒಂದು ದಿನವೂ ಏಳುತ್ತೇನೆ ಅನ್ನಲಿಲ್ಲ. ಮಾವನವರು ಕಟ್ಟೆಯ ಮೇಲೆ ಕುಳಿತು ಎಲ್ಲ ಕೇಳಿಸಿಕೊಂಡರೂ ಕೇಳದವರಂತೆ ಇರುತ್ತಿದ್ದರು.

ಮರುವರ್ಷ ಪರೀಕ್ಷೆ ನಡೆಯಿತು. ಗಲಾಟೆಯಲ್ಲಿ ರೈಲು ಹೋದರೆ ಹೋಯಿತು, ಇಲ್ಲದಿದ್ದರೆ ಇಲ್ಲ ಎನ್ನುವ ದಿನಗಳು. ಇವರು ಹೋದ ದಿನ ರೈಲು ಹೋಯಿತು, ದತ್ತ ಮಹಾರಾಜರು ದೊಡ್ಡವರು. ಪರೀಕ್ಷೆಯಲ್ಲಿ ಪಾದದ ಸಣ್ಣ ಎಲುಬೊಂದು ತಪ್ಪಿತಂತೆ. ಉಳಿದವನ್ನೆಲ್ಲ, ಕಣ್ಣು ಮುಚ್ಚಿ ಮನಸ್ಸಿನಲ್ಲೇ ಅವ್ವನ ಮೈಗೆ ಇಟ್ಟು ನೋಡಿ ಎಡ ಬಲ ಹೇಳಿದೆ ಅಂದರು.

ಪಾಸಾಗಿ ಮನೆಗೆ ಬಂದು ತಾಯಿಯ ಕಾಲಿಗೆ ಬಿದ್ದರು. ಮಾವನವರು ದಫ್ತರದ ಮಾತು ಎತ್ತಲಿಲ್ಲ.

“ಇನ್ನ ಮುಂದ ಏನು ಓದೋದದನೋ?” ಎಂದು ಅತ್ತೆ ಕೇಳಿದರು.

“ರೋಗಕ್ಕ ಔಷಧ ಕೊಡೋದವ್ವಾ. ಕಹಿ ಕಹಿ ಇರ್ತಾವ.”

“ಹಂಗಾದ್ರ ನಿಮ್ಮಪ್ಪನ್ನ ಕೂಡಿಸ್ಕೋ. ನನ್ನ ಪಾಳಿ ಮುಗೀತು.”